ಹೆಚ್ಚಾದ ಒಂದು ‘ಟು’

ಫೆಬ್ರವರಿ 3

ಚೂಟಿಗೆ,

ನಿನ್ನ ವಿಳಾಸ ಕೊಟ್ಟದ್ದು ಪೀಪಿ. ಅವಳನ್ನು ಬೈಯಬೇಡ, ಮೂರು ದಿನ ಬೆನ್ನುಹತ್ತಿ ನಾನೇ ಕಸಿದುಕೊಂಡೆ. ಈ ಒಂಬತ್ತು ವರ್ಷವೂ ನೀವಿಬ್ಬರು ಕಾಗದ ಬರೆದುಕೊಂಡಿದ್ದೀರಿ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಿನ್ನ ಕಾಗದ ಬಂದ ದಿನ ಅವಳು ಲಾಂಡ್ರಿಯಲ್ಲಿ ದಿಂಬಿನ ಕವರುಗಳ ಎಣಿಕೆ ತಪ್ಪುತ್ತಾಳೆ. ಕೆಲಸ ಮಾಡುತ್ತಾ ಹಾಕುವ ಶಿಳ್ಳೆ ಮಾತ್ರ ತಪ್ಪುವುದಿಲ್ಲ.

ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ. ನಾನು ಇನ್ನೂ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದೇನೆ. ಅದೇ ಮೇಲ್ವಿಚಾರಕಿಯ ಮೇಜು, ಬಾಯ್ಲರ್ ಕೋಣೆಯ ಹಿಂದೆ ಅದೇ ಕ್ವಾರ್ಟರ್ಸ್. ಮೇಜು ಅಲ್ಲಾಡದಿರಲಿ ಎಂದು ಅದರ ಕಾಲಿನ ಕೆಳಗೆ ನೀನು ಮಡಿಸಿಟ್ಟ ರಟ್ಟು ಈಗಲೂ ಅಲ್ಲೇ ಇದೆ. ಹೋದ ವಾರ ಆಡಳಿತ ಕಚೇರಿಯಿಂದ ನನಗೊಂದು ಕಾಗದ ಬಂತು. ನಿನಗೇ ಗೊತ್ತಲ್ಲ, ಇಲ್ಲಿ ಬಾಯಲ್ಲಿ ಯಾವ ಭಾಷೆಯಲ್ಲಿ ಬೇಕಾದರೂ ಜಗಳವಾಡಬಹುದು, ಕಾಗದಕ್ಕೆ ಇಳಿಸಬೇಕಾದರೆ ಇಂಗ್ಲಿಷೇ ಆಗಬೇಕು. ಅದರಲ್ಲಿ ಒಂದು ವಾಕ್ಯ ಹೀಗಿದೆ:

ಯು ಹ್ಯಾಡ್ ಬೆಟರ್ ಟು ಕನ್ಸಿಡರ್ ಅರ್ಲಿ ರಿಟೈರ್ಮೆಂಟ್.

ಒಂದೊಂದೇ ಪದ ಬಿಡಿಸಿದರೆ ಎಲ್ಲವೂ ಗೊತ್ತಿರುವವೇ. ‘ಬೆಟರ್’ ಇರುವುದರಿಂದ ಒಳ್ಳೆಯ ಮಾತೇ ಇರಬೇಕು. ‘ಹ್ಯಾಡ್’ ಇರುವುದರಿಂದ ಆಗಿಹೋದ ಮಾತಿರಬೇಕು. ಹಾಗಾದರೆ ನಾನು ಹಿಂದೆ ಎಂದೋ ಚೆನ್ನಾಗಿದ್ದೆ ಎನ್ನುತ್ತಿದ್ದಾರೆಯೇ? ಹೊಸ ಗುಮಾಸ್ತ ಇದನ್ನು ಸಲಹೆ ಎನ್ನುತ್ತಾನೆ. ಬಟ್ಟೆ ಗಾಡಿಯ ಡ್ರೈವರ್ ಬೆದರಿಕೆ ಎನ್ನುತ್ತಾನೆ. ನನಗೆ ಇನ್ನೂ ಮೂರು ವರ್ಷ ಸರ್ವೀಸಿದೆ. ಮಾರ್ಚ್ ಮುಗಿಯುವುದರೊಳಗೆ ಉತ್ತರ ಕೊಡಬೇಕು. ಸಲಹೆಯಾದರೆ ಬೇಡ ಎಂದು ಬರೆಯಬಹುದು. ಬೆದರಿಕೆಯಾದರೆ ಗಂಟುಮೂಟೆ ಕಟ್ಟಬೇಕು, ಕ್ವಾರ್ಟರ್ಸೂ ಹೋಗುತ್ತದೆ.

ನೀನೀಗ ದೊಡ್ಡವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೀಯಂತೆ. ಈ ಮಾತಿನ ಅರ್ಥ ಏನೆಂದು ಎರಡು ಸಾಲು ಬರೆದರೆ ಸಾಕು. ಬೇರೆ ಏನನ್ನೂ ಬರೆಯಬೇಕಾಗಿಲ್ಲ.

ನಾಲ್ಕು ವರ್ಷದ ಹಿಂದೆ ಅಮ್ಮ ಹೋದ ದಿನ ನೀನು ಬಂದು ಬಾಗಿಲ ಬಳಿ ನಿಂತು, ಒಂದು ಲೋಟ ನೀರನ್ನೂ ಮುಟ್ಟದೆ ಹೊರಟುಹೋದೆ. ಆಮೇಲೆ ನಿನಗೆ ಬರೆಯುವಂಥದ್ದು ಏನೂ ಬಂದಿರಲಿಲ್ಲ. ಈಗ ಬಂದಿದೆ.

ಅಕ್ಕ


ಫೆಬ್ರವರಿ 19

ಲಾಂಡ್ರಿ ಮೇಲ್ವಿಚಾರಕಿಯವರಿಗೆ,

ನಿಮ್ಮ ಕಾಗದ ತಲುಪಿತು. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

‘ಹ್ಯಾಡ್’ ಕಂಡ ಕೂಡಲೇ ಅದನ್ನು ಆಗಿಹೋದ ಮಾತೆಂದು ತಿಳಿಯಬೇಡಿ. ಈ ಜೋಡಣೆಯಲ್ಲಿ ಅದು ಬರೀ ವೇಷ. ಮಾತು ಈಗಿನದು ಅಥವಾ ನಾಳೆಯದು. ಎರಡೂ ಪದ ಸೇರಿದರೆ ನಮ್ಮ ಮಾತಿನಲ್ಲಿ ‘ಮಾಡಿದರೆ ಒಳ್ಳೇದು’ ಎಂದ ಹಾಗೆ ಆಗುತ್ತದೆ. ‘ಸ್ವೆಟರ್ ಹಾಕಿಕೊಂಡರೆ ಒಳ್ಳೇದು’ ಎಂಬುದನ್ನೂ ‘ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೇದು’ ಎಂಬುದನ್ನೂ ನಾವು ಒಂದೇ ಅಚ್ಚಿನಲ್ಲಿ ತೆಗೆಯುತ್ತೇವಲ್ಲ, ಅಲ್ಲಿಯೂ ಅಷ್ಟೆ.

ತರಗತಿಯಲ್ಲಿ ನಾನು ಹೇಳುವುದು ಹೀಗೆ. ಈ ವಾಕ್ಯದ ಬೆನ್ನ ಹಿಂದೆ ಯಾವಾಗಲೂ ಒಂದು ‘ಇಲ್ಲದಿದ್ದರೆ’ ಅಡಗಿ ಕೂತಿರುತ್ತದೆ. ಅದನ್ನು ಬರೆಯುವ ರೂಢಿಯಿಲ್ಲ. ಕೊಡೆ ತೆಗೆದುಕೊಂಡು ಹೋದರೆ ಒಳ್ಳೆಯದು ಎಂದರೆ, ಇಲ್ಲದಿದ್ದರೆ ನೆನೆಯುತ್ತೀ ಎಂದು ಕೇಳುವವನೇ ತಿಳಿದುಕೊಳ್ಳಬೇಕು. ಅಲ್ಲಿ ಮಳೆ ಹೇಳಿದವನ ಕೈಯಲ್ಲಿಲ್ಲ, ಆದ್ದರಿಂದ ಅದು ಕಾಳಜಿ. ಮಳೆ ಹೇಳಿದವನ ಕೈಯಲ್ಲೇ ಇದ್ದರೆ ಅದು ಬೆದರಿಕೆ. ಪದಗಳು ಮಾತ್ರ ಎರಡು ಕಡೆಯೂ ಅವೇ. ನಿಮ್ಮ ಕಚೇರಿಯ ವಾಕ್ಯದಲ್ಲಿ ಮಳೆ ಯಾರ ಕೈಯಲ್ಲಿದೆ ಎಂದು ನೀವೇ ನೋಡಿಕೊಳ್ಳಿ.

ಇನ್ನೊಂದು ಮಾತು. ‘ಹ್ಯಾಡ್ ಬೆಟರ್’ ಆದಮೇಲೆ ‘ಟು’ ಬರಬಾರದು. ಹ್ಯಾಡ್ ಬೆಟರ್ ಗೋ, ಹ್ಯಾಡ್ ಬೆಟರ್ ಈಟ್, ಅಷ್ಟೇ. ನಮ್ಮವರು ‘ಹೋಗಲು’, ‘ತಿನ್ನಲು’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಒಂದು ‘ಟು’ ತಂದು ಸಿಕ್ಕಿಸುತ್ತಾರೆ. ಆಡಳಿತ ಕಚೇರಿಯವರು ಆ ತಪ್ಪು ಮಾಡಿರಲಾರರು. ಕಾಗದವನ್ನು ಇನ್ನೊಮ್ಮೆ ನೋಡಿ.

ಕೇಳಿದವರನ್ನು ಅಭ್ಯಾಸ ಕೊಡದೆ ಕಳಿಸುವ ಪದ್ಧತಿ ನನ್ನದಲ್ಲ. ಇದೇ ಜೋಡಣೆಯಲ್ಲಿ ದಿನಬಳಕೆಯ ಐದು ವಾಕ್ಯ ಬರೆದು ಕಳಿಸಿ. ನೀವೇ ಆಡುವ ಮಾತಾಗಿರಲಿ, ಪುಸ್ತಕದ್ದು ಬೇಡ.

ಸಂಜೆ ತರಗತಿಯ ಇಂಗ್ಲಿಷ್ ಅಧ್ಯಾಪಕಿ


ಮಾರ್ಚ್ 2

ಅಧ್ಯಾಪಕಿಯವರಿಗೆ,

‘ನೀವು’ ಎಂದು ಬರೆದಿದ್ದೀಯ. ನನಗೆ ಹುಟ್ಟಿದಾರಭ್ಯ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಓದುತ್ತಾ ಓದುತ್ತಾ ಸೆರಗು ಸರಿಮಾಡಿಕೊಂಡೆ. ನಿನಗೆ ಜಡೆ ಹಾಕಿ, ಮೂಗು ಒರೆಸಿ, ಸ್ಕೂಲಿನ ಗೇಟಿನವರೆಗೆ ಎಳೆದುಕೊಂಡು ಹೋದವಳು ಈಗ ಬಹುವಚನವಾದೆ. ಆಗಲಿ, ಅದೂ ಒಂದು ಬಡ್ತಿ.

ಕಚೇರಿಯ ಕಾಗದ ಇನ್ನೊಮ್ಮೆ ನೋಡಿದೆ. ನೀನು ಹೇಳಿದ್ದೇ ಸರಿ, ಅದರಲ್ಲಿ ‘ಟು’ ಇಲ್ಲ. ನೋಡಿಕೊಂಡು ಬರೆಯುವಾಗ ಅದು ನನ್ನ ಕೈಯಿಂದಲೇ ಬಿದ್ದದ್ದು. ಕಣ್ಣು ನೋಡಿದ್ದನ್ನು ಕೈ ಕೇಳಲಿಲ್ಲ.

ಮಳೆ ಯಾರ ಕೈಯಲ್ಲಿದೆ ಎಂದು ನೀನು ಕೇಳಿದ್ದೆ. ಬಟ್ಟೆ ಒಗೆಯುವ ಕೆಲಸವನ್ನೆಲ್ಲ ಹೊರಗಿನ ಕಂಪನಿಗೆ ಕೊಡುತ್ತಾರೆಂದು ಮಾತಿದೆ. ಎರಡು ಯಂತ್ರ ಆಗಲೇ ಕಳಚಿ ಒಯ್ದರು, ನೆಲದಲ್ಲಿ ಬೋಲ್ಟಿನ ತೂತುಗಳು ಮಾತ್ರ ಉಳಿದಿವೆ. ಹೀಗಾಗಿ ಡ್ರೈವರ್ ಹೇಳಿದ್ದೇ ಸರಿ.

ವಾಕ್ಯಗಳು ಇಗೋ.

ಒಂದು: ಯು ಹ್ಯಾಡ್ ಬೆಟರ್ ವೇರ್ ಗ್ಲೌಸ್. ಬ್ಲೀಚು ಬೆರೆಸಲು ಬಂದ ಹೊಸಬಳಿಗೆ ಹೇಳಿದ್ದು. ಅವಳು ಬಳೆ ಕಾಣುವುದಿಲ್ಲ ಎಂದು ಹಾಕಿಕೊಳ್ಳಲಿಲ್ಲ, ಸಂಜೆ ಕೈ ತೋರಿಸಿಕೊಂಡು ಅತ್ತಳು.

ಎರಡು: ದಿ ಡ್ರೈವರ್ ಹ್ಯಾಡ್ ಬೆಟರ್ ಕಮ್ ಬಿಫೋರ್ ಏಟ್. ಇಲ್ಲದಿದ್ದರೆ ಆಪರೇಷನ್ ಕೋಣೆಯ ಬಟ್ಟೆ ಮಧ್ಯಾಹ್ನದವರೆಗೆ ಬಿದ್ದಿರುತ್ತದೆ.

ಮೂರು: ವಿ ಹ್ಯಾಡ್ ಬೆಟರ್ ನಾಟ್ ಓಪನ್ ದಿಸ್ ವಿಂಡೋ. ತೆಗೆದರೆ ಬಾಯ್ಲರಿನ ಮಸಿಯೆಲ್ಲ ಒಗೆದ ಬಟ್ಟೆಯ ಮೇಲೆ.

ನಾಲ್ಕು: ಯು ಹ್ಯಾಡ್ ಬೆಟರ್ ಟು ಈಟ್ ಸಮ್‌ಥಿಂಗ್. ಇದನ್ನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಒಬ್ಬಳೇ ಇರುವಾಗ ಗಟ್ಟಿಯಾಗಿ ಅಂದುಕೊಳ್ಳುತ್ತೇನೆ.

ಐದನೆಯದು ಬರಲಿಲ್ಲ. ಎರಡು ದಿನ ಕಾದೆ. ನಾಲ್ಕಕ್ಕೆ ಪಾಸು ಮಾಡುತ್ತೀಯೋ ಇಲ್ಲವೋ ನೋಡು.

ಕಚೇರಿಗೆ ಏನೆಂದು ಉತ್ತರ ಕೊಡಲಿ?

ಅಕ್ಕ


ಮಾರ್ಚ್ 14

ಅಕ್ಕನವರಿಗೆ,

ಮೊದಲ ಮೂರು ವಾಕ್ಯ ಸರಿ. ಮೂರನೆಯದರಲ್ಲಿ ‘ನಾಟ್’ ಅನ್ನು ಸರಿಯಾದ ಜಾಗದಲ್ಲಿಟ್ಟಿದ್ದೀರಿ, ನನ್ನ ತರಗತಿಯಲ್ಲಿ ಅರ್ಧ ಜನ ಅಲ್ಲಿ ಎಡವುತ್ತಾರೆ. ನಾಲ್ಕನೆಯದು ತಪ್ಪು. ಹೇಳಿದ ಮೇಲೂ ‘ಟು’ ಹಾಕಿದ್ದೀರಿ.

ಕಚೇರಿಗೆ ಕೊಡುವ ಉತ್ತರ ಸುಲಭ. ಹೌದು ಎನ್ನಬೇಡಿ, ಇಲ್ಲ ಎನ್ನಬೇಡಿ. ‘ನೀವು ಇಂಥದ್ದು ಮಾಡಿದರೆ ಒಳ್ಳೆಯದು ಎಂದು ಬರೆದಿದ್ದೀರಿ. ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ’ ಎಂದು ಕೇಳಿ. ಇಂಗ್ಲಿಷಿನಲ್ಲಿ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡಿಕೊಂಡು ಬರೆಯಿರಿ. ಅಡಗಿ ಕೂತದ್ದನ್ನು ಹೊರಗೆ ಬಾ ಎಂದು ಕರೆದರೆ ಬಹಳ ಸಲ ಅದು ಬರುವುದೇ ಇಲ್ಲ.

ಕೇಳಿದ್ದಕ್ಕೆ ಮಾತ್ರ ಉತ್ತರ ಎಂದು ಮೊದಲೇ ಹೇಳಿದ್ದೆ. ಇನ್ನು ಮುಂದಿನದು ನೀವು ಕೇಳದೇ ಇರುವುದು.

ಒಂಬತ್ತು ವರ್ಷದ ಹಿಂದೆ ನನ್ನ ಬಟ್ಟೆ ಮಡಿಸುವ ಮೇಜಿನ ಮೇಲೆ ಇಟ್ಟಿದ್ದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ನಾನು ಆಗ ನಿಮ್ಮ ಕೈಕೆಳಗೆ ಬೆಡ್‌ಶೀಟ್ ಮಡಿಸುತ್ತಿದ್ದೆ. ಬೆಡ್‌ಶೀಟನ್ನು ಒಳಗೆಳೆದುಕೊಳ್ಳುವ ರೋಲರ್ ಇಸ್ತ್ರಿಯ ಮುಂದೆ, ಕೈ ಒಳಗೆ ಹೋಗದಿರಲೆಂದು ಇದ್ದ ಅಡ್ಡಕಂಬಿ ಮುರಿದಿತ್ತು. ನಿಮಗೆ ಎರಡು ಸಲ ಹೇಳಿದೆ. ಕೆಲಸ ನಿಲ್ಲಿಸಿದರೆ ವಾರ್ಡಿಗೆ ಬಟ್ಟೆ ಸಾಲದು, ರಿಪೇರಿಯವರು ಬರಲಿ ಎಂದಿರಿ. ಹದಿಮೂರನೆಯ ದಿನ ಪೀಪಿಯ ಬಲಗೈ ಬೆಡ್‌ಶೀಟಿನ ಜೊತೆಗೇ ಒಳಗೆ ಹೋಯಿತು. ಅವಳ ಎರಡು ಬೆರಳು ಇವತ್ತಿಗೂ ಮಡಿಸುವುದಿಲ್ಲ. ವಿಚಾರಣೆಯಲ್ಲಿ, ಕಂಬಿ ಮುರಿದದ್ದನ್ನು ಯಾರಾದರೂ ನಿಮಗೆ ಹೇಳಿದ್ದರೇ ಎಂದು ಕೇಳಿದರು. ನೀವು ಇಲ್ಲ ಎಂದಿರಿ. ನನ್ನ ಸರದಿ ಸೋಮವಾರ ಇತ್ತು. ಶುಕ್ರವಾರ ಚೀಟಿ ಬಂತು. ನಿಮ್ಮ ಮೇಜಿಗೂ ನನ್ನ ಮೇಜಿಗೂ ಹತ್ತು ಹೆಜ್ಜೆ.

ಯು ಹ್ಯಾಡ್ ಬೆಟರ್ ಟು ಸೀಕ್ ವರ್ಕ್ ಎಲ್ಸ್‌ವೇರ್ ಬಿಫೋರ್ ಮಂಡೇ.

ನನಗೆ ಆಗ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಔಷಧಿ ಅಂಗಡಿಯವನ ಹತ್ತಿರ ಓದಿಸಿದೆ. ಸೋಮವಾರದೊಳಗೆ ಬೇರೆ ಕೆಲಸ ಹುಡುಕಿಕೊಂಡರೆ ಒಳ್ಳೇದು ಅಂತಿದೆ ಎಂದ. ಚೀಟಿಯನ್ನು ತಿರುಗಿಸಿ ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದ. ಯಾರು ಬರೆದದ್ದು ಎಂದು ಕೇಳಿದ. ಅಕ್ಕ ಎಂದೆ. “ಹಾಗಾದ್ರೆ ಹೋಗ್ಬಿಡಮ್ಮ” ಎಂದ. ನಾನು ಭಾನುವಾರದ ಬಸ್ಸು ಹತ್ತಿದೆ.

ಈ ಒಂಬತ್ತು ವರ್ಷ ನಾನು ನಂಬಿಕೊಂಡು ಬಂದದ್ದು ಒಂದೇ. ಆ ಚೀಟಿಯನ್ನು ಹಳೆಯ ಗುಮಾಸ್ತ ಬರೆದ, ನಿಮ್ಮಿಂದ ಸಹಿ ಹಾಕಿಸಿಕೊಂಡ. ಓದದೆ ಸಹಿ ಹಾಕಿದಿರಿ. ಆ ನಂಬಿಕೆ ಹಿಡಿದುಕೊಂಡೇ ನಾನು ಅಮ್ಮ ಹೋದ ದಿನ ಬಾಗಿಲವರೆಗೆ ಬರಲು ಆದದ್ದು. ಆದರೆ ಗುಮಾಸ್ತ ‘ಟು’ ಹಾಕುವವನಲ್ಲ. ಅವನ ಇಂಗ್ಲಿಷ್ ಅವನ ಇಸ್ತ್ರಿ ಮಾಡಿದ ಅಂಗಿಯ ಹಾಗೆ, ಒಂದು ಸುಕ್ಕೂ ಇರುತ್ತಿರಲಿಲ್ಲ. ಫೆಬ್ರವರಿಯ ನಿಮ್ಮ ಕಾಗದದಲ್ಲಿ ಅದೇ ‘ಟು’ ಕಂಡಾಗ ನನಗೆ ಗೊತ್ತಾಯಿತು. ಚೀಟಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ.

ಈಗ ಉಳಿದಿರುವುದು ಒಂದೇ ದಾರಿ. ಆ ಮಾತಿನ ಅರ್ಥ ನಿಮಗೆ ಆಗ ಗೊತ್ತಿರಲಿಲ್ಲ. ಯಾವುದೋ ಪುಸ್ತಕ ನೋಡಿ, ತಂಗಿಗೆ ಬುದ್ಧಿಮಾತು ಹೇಳುತ್ತಿದ್ದೇನೆ ಎಂದುಕೊಂಡು ಬರೆದಿರಿ. ಈಗಲೂ ಅರ್ಥ ಕೇಳಿಯೇ ಬರೆದಿದ್ದೀರಲ್ಲ. ‘ಗೊತ್ತಿರಲಿಲ್ಲ’ ಎಂದು ಒಂದೇ ಪದ ಬರೆದು ಕಳಿಸಿ. ನಾನು ನಂಬುತ್ತೇನೆ.

ಚೂಟಿ


ಏಪ್ರಿಲ್ 10

ಅಕ್ಕನವರಿಗೆ,

ನನ್ನ ಕಾಗದ ತಲುಪಿತೇ? ಒಂದೇ ಪದ ಕೇಳಿದ್ದೆ.

ಮೊನ್ನೆ ತರಗತಿಯಲ್ಲಿ ಇದೇ ಪಾಠ ಬಂತು. ಬ್ರೆಡ್ ಮಾಡುವ ಒಬ್ಬರಿದ್ದಾರೆ, ಯಾವಾಗಲೂ ಹಿಂದಿನ ಬೆಂಚು, ಮೊಣಕೈಯವರೆಗೆ ಹಿಟ್ಟು. ಹೆಂಡತಿ ಮನೆ ಬಿಟ್ಟು ಹೋಗುವಾಗ ತಾವು ಹೇಳಿದ ಕೊನೆಯ ಮಾತು ‘ಜಾಕೆಟ್ ತಗೊಂಡು ಹೋದ್ರೆ ಒಳ್ಳೇದು, ಹೊರಗೆ ಚಳಿ ಇದೆ’ ಎಂಬುದಾಗಿತ್ತಂತೆ. ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ ಎಂದು ಕೇಳಿದರು. ಹೇಳಿಕೊಟ್ಟೆ. ಅವರು ಎರಡು ಸಲ ಬರೆದುಕೊಂಡರು.

ಪದ ಬರೆಯಲು ಕಷ್ಟವಾದರೆ ಖಾಲಿ ಕಾರ್ಡನ್ನಾದರೂ ಕಳಿಸಿ. ಅದನ್ನೇ ‘ಗೊತ್ತಿರಲಿಲ್ಲ’ ಎಂದು ಓದಿಕೊಳ್ಳುತ್ತೇನೆ.

ಚೂಟಿ


ಏಪ್ರಿಲ್ 27

ಚೂಟಿ,

ಖಾಲಿ ಕಾರ್ಡು ತಂದಿದ್ದೆ. ನಾಲ್ಕು ದಿನ ಅದು ನೀರಿನ ಹೂಜಿಯ ಕೆಳಗಿತ್ತು. ಕಳಿಸಿಬಿಟ್ಟಿದ್ದರೆ ಇಬ್ಬರಿಗೂ ಸುಖವಾಗಿರುತ್ತಿತ್ತು, ಅದು ನನಗೆ ಗೊತ್ತು.

ನನಗೆ ಗೊತ್ತಿತ್ತು.

ಹೇಗೆ ಗೊತ್ತಿತ್ತು ಎಂದೂ ಬರೆಯುತ್ತೇನೆ, ಆಮೇಲೆ ನೀನು ನನ್ನ ಪರವಾಗಿ ಇನ್ನೊಂದು ದಾರಿ ಹುಡುಕಬಾರದು. ಆ ಗುರುವಾರ ಊಟದ ಬಿಡುವಿನಲ್ಲಿ ಹಳೆಯ ಗುಮಾಸ್ತನ ಹತ್ತಿರ ಹೋದೆ. ತಂಗಿ ಸೋಮವಾರ ಮಾತಾಡಬಾರದು, ಏನು ಬರೆಯಲಿ ಎಂದೆ. ಅವನು ಕಡಲೆಕಾಯಿ ಸುಲಿಯುತ್ತಾ ಹೇಳಿದ್ದು ಇಷ್ಟು: “ಮಸ್ಟ್ ಅಂತ ಬರೆದ್ರೆ ಯಾಕೆ ಅಂತ ಮೇಲಿನೋರು ಕೇಳ್ತಾರೆ. ಶುಡ್ ಅಂತ ಬರೆದ್ರೆ ಅವಳು ಕೇಳೋದಿಲ್ಲ. ಹ್ಯಾಡ್ ಬೆಟರ್ ಅಂತ ಬರಿ. ಫೈಲಲ್ಲಿ ಬುದ್ಧಿಮಾತಿನ ಹಾಗೆ ಕಾಣುತ್ತೆ, ಓದೋಳಿಗೆ ಗೊತ್ತಾಗುತ್ತೆ.” ತಾನೇ ಬರೆದುಕೊಡುತ್ತೇನೆ ಎಂದ. ನಾನು ಬೇಡ ಎಂದೆ. ನನ್ನ ತಂಗಿಗೆ ನಾನೇ ಬರೆಯುತ್ತೇನೆ ಎಂದೆ. ಆ ಮಾತನ್ನು ಹೇಗೆ ಹೇಳಿದೆನೋ ಇವತ್ತಿಗೂ ನನಗೆ ತಿಳಿಯುವುದಿಲ್ಲ. ಮನೆಗೆ ಬಂದು ಅಮ್ಮನಿಗೆ ಗಂಜಿ ಕುಡಿಸಿ, ಅವಳ ಮಂಚದ ತುದಿಯಲ್ಲೇ ಕೂತು ಬರೆದೆ. ‘ಟು’ ಹಾಕಿದ್ದು ಆಗ.

ನಿನ್ನ ಲೆಕ್ಕದಲ್ಲಿ ಮಳೆ ನನ್ನ ಕೈಯಲ್ಲೇ ಇತ್ತು.

ಭಯ ಇತ್ತು. ಅಮ್ಮ ಹಾಸಿಗೆ ಹಿಡಿದಿದ್ದಳು, ಕೆಲಸ ಹೋದರೆ ಕ್ವಾರ್ಟರ್ಸ್ ಹೋಗುತ್ತಿತ್ತು. ಆದರೆ ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ಭಯದಲ್ಲಿ ಅರ್ಧ ಅಮ್ಮನಿಗಾಗಿ, ಅರ್ಧ ಆ ಮೇಜಿಗಾಗಿ. ಹದಿನೇಳು ವರ್ಷ ನಿಂತು ಕೆಲಸ ಮಾಡಿ ಕೂರಲು ಸಿಕ್ಕ ಮೇಜು ಅದು.

ಅಮ್ಮ ದಿನಾ ಕೇಳುತ್ತಿದ್ದಳು, ಚೂಟಿ ಯಾಕೆ ಹೋದಳು ಎಂದು. ಅವಳೇ ಬಿಟ್ಟುಹೋದಳು, ಅಲ್ಲಿ ದೊಡ್ಡ ಕೆಲಸ ಸಿಕ್ಕಿತು ಎಂದೆ. ಮೊದಮೊದಲು ಸಿಟ್ಟಾದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಕೊನೆಯ ವಾರ ಒಂದು ಸಲ, “ಅವಳಿಗೆ ನಾವು ಸಾಕಾಗಿರ್ಬೇಕು” ಎಂದಳು. ನಾನು ಪಕ್ಕದಲ್ಲೇ ಇದ್ದೆ. ಅಲ್ಲ ಎನ್ನಲಿಲ್ಲ.

ಹಾಗಾದರೆ ಫೆಬ್ರವರಿಯಲ್ಲಿ ಅರ್ಥ ಕೇಳಿ ಯಾಕೆ ಬರೆದೆ ಎನ್ನುತ್ತೀಯ. ಕಚೇರಿಯ ಕಾಗದ ಬಿಚ್ಚಿದಾಗ ಅದೇ ಎರಡು ಪದ ನನ್ನನ್ನು ನೋಡುತ್ತಿದ್ದವು. ಓದಿದ ಕೂಡಲೇ ಎದ್ದು ಬಾಗಿಲು ಹಾಕಿಕೊಂಡೆ. ಓದುವವಳಿಗೆ ಅದು ಹೇಗಿರುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ, ಬರೆದವಳಿಗೆ ಅದು ತಿಳಿಯುವುದಿಲ್ಲ. ಇಷ್ಟು ವರ್ಷದಲ್ಲಿ ಆ ಮಾತಿಗೆ ಬೇರೆ ಅರ್ಥವೂ ಇದ್ದೀತು, ನಿನ್ನ ಬಾಯಿಂದಲೇ ‘ಇದು ಒಳ್ಳೆಯ ಮಾತೂ ಆಗಬಹುದು’ ಎಂದು ಬಂದರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳೋಣ ಎಂದು ಆಸೆಪಟ್ಟೆ. ನೀನು ಕೊಡೆಯ ಮಾತು ಬರೆದೆ. ಎರಡು ದಿನ ಅದನ್ನು ಹಿಡಿದುಕೊಂಡೂ ಇದ್ದೆ. ಐದನೆಯ ವಾಕ್ಯ ಬರದಿದ್ದದ್ದು ಆ ಎರಡು ದಿನ.

ಕಚೇರಿಗೆ ನೀನು ಬರೆದುಕೊಟ್ಟ ಹಾಗೆಯೇ ಬರೆದೆ. ಇನ್ನೂ ಉತ್ತರವಿಲ್ಲ. ಹೊಸ ಗುಮಾಸ್ತ ಎದುರಿಗೆ ಸಿಕ್ಕರೆ ಚಪ್ಪಲಿ ನೋಡಿಕೊಂಡು ಹೋಗುತ್ತಾನೆ.

ಅಕ್ಕ


ಜೂನ್ 6

ಚೂಟಿ,

ನಿನ್ನಿಂದ ಕಾಗದವಿಲ್ಲ. ಇರಬೇಕೆಂದು ಹೇಳುತ್ತಿಲ್ಲ.

ಕಚೇರಿಯವರು ಮೇ ಮೊದಲಲ್ಲಿ ಕರೆಸಿ, ಆ ಕಾಗದವನ್ನು ಮರೆತುಬಿಡಿ, ಅದು ಬರೀ ಒಂದು ಸಲಹೆ ಎಂದರು. ಅಡಗಿದ್ದದ್ದು ನೀನು ಹೇಳಿದಂತೆ ಹೊರಗೆ ಬರಲಿಲ್ಲ. ಮೂರು ವರ್ಷ ಗಟ್ಟಿಯಾಯಿತು. ಮೆಟ್ಟಿಲು ಇಳಿಯುವಾಗ ಕಾಲು ಹಗುರವಾಗಿದ್ದದ್ದು ನಿಜ.

ಆದರೆ ಲಾಂಡ್ರಿಗೆ ವಾಪಸು ಬಂದರೆ ಪೀಪಿ ಎಡಗೈಯಲ್ಲಿ ದಿಂಬಿನ ಕವರು ಮಡಿಸುತ್ತಿದ್ದಳು. ಬೆಡ್‌ಶೀಟಿಗೆ ಅವಳನ್ನು ಹಾಕಿ ಒಂಬತ್ತು ವರ್ಷವಾಯಿತು. ಅದಕ್ಕೆ ನಾಲ್ಕು ಸರಿಯಾದ ಕೈ ಬೇಕು.

ಅಪಘಾತದ ರಿಜಿಸ್ಟರು ಇನ್ನೂ ನನ್ನ ಡ್ರಾಯರಿನಲ್ಲೇ ಇದೆ. ಆ ದಿನದ ಪುಟ ತೆಗೆದು, ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ. ಕಂಬಿ ಮುರಿದಿತ್ತು, ತಂಗಿ ಎರಡು ಸಲ ಹೇಳಿದ್ದಳು, ನಾನು ಇಸ್ತ್ರಿ ನಿಲ್ಲಿಸಲಿಲ್ಲ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ, ತಂಗಿಯನ್ನು ಹೆದರಿಸಿ ಕಳಿಸಿದೆ. ಇಂಗ್ಲಿಷಿನಲ್ಲೇ ಬರೆದೆ. ತಪ್ಪುಗಳಿದ್ದಾವು. ಬರೆದ ದಿನದ ತಾರೀಖು ಹಾಕಿ ಸಹಿ ಮಾಡಿ ನಾನೇ ಮೇಲಕ್ಕೆ ಒಯ್ದುಕೊಟ್ಟೆ.

ಅದಕ್ಕೆ ಮೊದಲು ಪೀಪಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕಟ್ಟನ್ನು ಪೂರ್ತಿ ಮುಗಿಸಿ, ದಾರ ಕಟ್ಟಿ, ಆಮೇಲೆ ನನ್ನ ಕಡೆ ತಿರುಗಿದಳು. “ಈಗ ಹೇಳಿದ್ರೆ ಬೆರಳು ಮಡಿಸುತ್ತಾ ಅಕ್ಕಾ?” ಎಂದಳು. ಅಷ್ಟೇ. ಎರಡು ದಿನ ಶಿಳ್ಳೆ ಕೇಳಲಿಲ್ಲ. ಮೂರನೆಯ ದಿನ ಕೇಳಿತು, ನನ್ನ ಕಡೆ ಬೆನ್ನು ಮಾಡಿ. ಅವಳ ಕೇಸನ್ನು ಮತ್ತೆ ತೆಗೆಯುತ್ತಾರಂತೆ.

ನನಗೆ ಹೋದ ವಾರ ಎರಡನೆಯ ಕಾಗದ ಬಂತು. ಅದರಲ್ಲಿ ‘ಮಸ್ಟ್’ ಎಂದಿದೆ. ಯಾಕೆ ಎಂಬುದನ್ನೂ ಬರೆದಿದ್ದಾರೆ. ಜುಲೈ ಕೊನೆಯೊಳಗೆ ಕೆಲಸವನ್ನೂ ಕ್ವಾರ್ಟರ್ಸನ್ನೂ ಬಿಡಬೇಕು. ಒಂದು ಸಲ ಓದಿದರೆ ಅರ್ಥವಾಗುವ ಕಾಗದ, ಯಾರ ಹತ್ತಿರವೂ ಒಯ್ಯಬೇಕಾಗಲಿಲ್ಲ.

ಇದನ್ನೆಲ್ಲ ಬರೆದದ್ದು ನಿನಗೆ ತಿಳಿದಿರಲಿ ಎಂದು ಮಾತ್ರ. ಡ್ರೈವರನ ಅತ್ತೆಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ.

ಅಕ್ಕ


ಜುಲೈ 1

ಅಕ್ಕ,

ನಿನ್ನ ಎರಡು ಕಾಗದವನ್ನೂ ಓದಿದೆ. ಏಪ್ರಿಲಿನದನ್ನು ಓದಿ ಹರಿದೆ, ಆಮೇಲೆ ಅಂಟಿಸಿದೆ. ಅಂಟು ಒಣಗುವವರೆಗೆ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ನಾನು ಕೈಹಿಡಿದು ದಾರಿ ತೋರಿಸಿದ್ದೆ. ಖಾಲಿ ಕಾರ್ಡು ಸಾಕು ಎಂದಿದ್ದೆ. ನೀನು ಅದನ್ನೂ ಕೊಡಲಿಲ್ಲ. ನನಗೆ ನಿನ್ನ ಮೇಲೆ ಇರುವ ಸಿಟ್ಟಿನಲ್ಲಿ ಒಂದು ಪಾಲು, ನೀನು ಸುಳ್ಳು ಹೇಳಲಿಲ್ಲವಲ್ಲ ಎಂಬುದಕ್ಕೆ.

ಅಮ್ಮ ಹೇಳಿದ ಮಾತನ್ನು ನೀನು ಬರೆಯದೆ ಇದ್ದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಮೂರು ತರಗತಿ ರಜೆ ಹಾಕಿದೆ. ಅದಕ್ಕೆ ನಿನ್ನನ್ನು ಕ್ಷಮಿಸುತ್ತೇನೋ ಇಲ್ಲವೋ ಹೇಳಲಾರೆ. ಆಗುವುದಿಲ್ಲ ಎಂದೇ ಈಗ ಅನ್ನಿಸುತ್ತಿದೆ.

ಆದರೆ ಸೋಮವಾರ ಅಲ್ಲಿ ಇರಬೇಕಾದವಳು ನಾನು. ಚೀಟಿಯಲ್ಲಿ ಬೇಡಿಯೇನೂ ಇರಲಿಲ್ಲ, ಎರಡು ಪದ ಇದ್ದವು. ನಾನು ಬಸ್ಸು ಹತ್ತಿದೆ. ಪೀಪಿಗೆ ಒಂಬತ್ತು ವರ್ಷ ಕಾಗದ ಬರೆದೆ, ಹವೆ, ನೆಗಡಿ, ಬಾಡಿಗೆ ಮನೆ ಎಲ್ಲ ಬರೆದೆ, ಇದೊಂದನ್ನು ಬಿಟ್ಟು. ಕೇಸು ತೆಗೆದರೆ ನಾನು ಬಂದು ಹೇಳುತ್ತೇನೆ ಎಂದು ಅವಳಿಗೆ ನಿನ್ನೆ ಬರೆದು ಹಾಕಿದೆ.

ನಿನ್ನ ಕಾಗದಗಳನ್ನು ಅಧ್ಯಾಪಕಿಯ ಹಾಗೆ ಇನ್ನೊಮ್ಮೆ ಓದಿದೆ. ಎಲ್ಲವನ್ನೂ ಬರೆದಿದ್ದೀಯ, ಯಾರು ಏನು ಸುಲಿಯುತ್ತಿದ್ದರು ಎಂಬುದನ್ನೂ ಬಿಟ್ಟಿಲ್ಲ. ‘ತಪ್ಪಾಯಿತು’ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಮರೆತೆಯೋ ಬೇಕೆಂದೇ ಬಿಟ್ಟೆಯೋ?

ಐದನೆಯ ವಾಕ್ಯವೂ ಬಾಕಿ ಇದೆ.

ಚೂಟಿ


ಜುಲೈ 12

ಚೂಟಿ,

‘ನೀನು’ ಎಂದು ಬರೆದಿದ್ದೀಯ. ಬಡ್ತಿ ಹೋಯಿತು.

ಮರೆತಿಲ್ಲ, ಬೇಕೆಂದೇ ಬಿಟ್ಟೆ. ಹತ್ತು ಹೆಜ್ಜೆ ದೂರದಲ್ಲಿದ್ದ ತಂಗಿಯ ಮುಖ ನೋಡಲಾರದೆ ಒಂದು ಸಲ ಕಾಗದದಲ್ಲಿ ಬರೆದಿಟ್ಟವಳು ನಾನು. ಈ ಮಾತನ್ನೂ ಕಾಗದದಲ್ಲೇ ಬರೆದರೆ ಎರಡನೆಯ ಚೀಟಿಯಾಗುತ್ತದೆ. ಅದಕ್ಕೇ ಬರೆಯಲಿಲ್ಲ.

ಐದನೆಯ ವಾಕ್ಯ ಇಗೋ.

ಐ ಹ್ಯಾಡ್ ಬೆಟರ್ ಕಮ್ ಅಂಡ್ ಸೇ ಇಟ್.

ಇಲ್ಲದಿದ್ದರೆ ಏನು ಎಂಬುದನ್ನು ಅಡಗಿಸಿಡುವುದಿಲ್ಲ. ಅಮ್ಮ ಗೊತ್ತಿಲ್ಲದೆ ಹೋದಳು. ನಾನು ಗೊತ್ತಿದ್ದೂ ಹೇಳದೆ ಹೋಗುತ್ತೇನೆ.

ಈ ತಿಂಗಳ ಕೊನೆಯ ಗುರುವಾರ ಬರುತ್ತೇನೆ. ಬಸ್ಸು ಬೆಳಿಗ್ಗೆ ಅಲ್ಲಿಗೆ ತಲುಪುತ್ತದಂತೆ, ಸಂಜೆ ಅದೇ ವಾಪಸು ಹೊರಡುತ್ತದೆ. ಸಾಮಾನು ತರುತ್ತಿಲ್ಲ. ಹೇಳಿ ಹೊರಡುತ್ತೇನೆ.

ಅಕ್ಕ


ಜುಲೈ 17

ಅಕ್ಕ,

ವಾಕ್ಯ ಸರಿಯಿದೆ. ‘ಟು’ ಇಲ್ಲ.

ಗುರುವಾರ ನನಗೆ ತರಗತಿ ಇಲ್ಲ. ಬಾಗಿಲ ಬಳಿ ನಿಲ್ಲಬೇಡ.

ಚೂಟಿ